ಒಂದು ಮುಷ್ಟಿ ಝಮೋರಾ

ಆ ತಕ್ಕಡಿ ನಮ್ಮಪ್ಪನದಲ್ಲ. ಜೋಳದ ನಕ್ಷೆಯೂ ನನ್ನದಲ್ಲ.

ಇಷ್ಟು ಬರೆಯಲು ನನಗೆ ಹತ್ತು ವರ್ಷದ ಮೇಲೆ ಹಿಡಿಯಿತು. ಬೆರಳಿಗೆ ಹಿಡಿದದ್ದು ಐದೇ ನಿಮಿಷ — ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತೇನೆ, ಒತ್ತಕ್ಷರ ಬಂದಾಗ ನಿಂತು ಹುಡುಕುತ್ತೇನೆ. ನಮ್ಮ ಭಾನುವಾರದ ಶಾಲೆಯ ವಾರ್ಷಿಕ ಪುಸ್ತಿಕೆಗೆ 'ಜೋಳದ ನಕ್ಷೆ ನನಗೆ ಹೇಗೆ ಹೊಳೆಯಿತು' ಎಂದು ಎರಡು ಪುಟ ಬರೆದುಕೊಡಿ ಎಂದಿದ್ದರು. ಹೊಳೆದದ್ದು ನನಗಲ್ಲ, ವೀರೇಶನಿಗೆ. ನಾನು ಅವನಿಂದ ಕದ್ದೆ. ಕದ್ದು, ವರ್ಷಾವರ್ಷ ನಿಮ್ಮ ಮುಂದೆ ಮೇಜಿನ ಮೇಲೆ ಹರವಿ ಪಾಠ ಮಾಡಿದೆ.

ನನ್ನ ಪರಿಚಯ ಇಲ್ಲದವರಿಗೆ ಹೇಳುತ್ತೇನೆ. ನಾನು ಚನ್ನಪ್ಪ, ಜಹೀರಾಬಾದಿನವನು. ಏಳನೆಯ ತರಗತಿಗೆ ಶಾಲೆ ಬಿಟ್ಟು, ಮೂವತ್ತು ದಾಟಿದ ಮೇಲೆ ಮತ್ತೆ ಪುಸ್ತಕ ಹಿಡಿದವನು. ಹಿಮಾಯತ್‌ನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆಗಿದ್ದೆ. ಖಾಸಗಿಯಾಗಿ ಹತ್ತನೆಯದು ಮುಗಿಸಿ, ಇಂಟರ್ ಮುಗಿಸಿ, ಆಮೇಲೆ ದೂರಶಿಕ್ಷಣದಲ್ಲಿ ಬಿ.ಎ. ಕಟ್ಟಿದೆ. ಆ ಬಿ.ಎ. ತರಗತಿಗಳು ಭಾನುವಾರ ಸಿಕಂದರಾಬಾದಿನಲ್ಲಿ ನಡೆಯುತ್ತಿದ್ದವು. ಮೊದಲ ದಿನವೇ ನನ್ನ ಬೆಂಚಿಗೆ ಬಂದು ಕೂತವನು ವೀರೇಶ. ನಾರಾಯಣಖೇಡದವನು, ಬೇರೊಂದು ಕಚೇರಿಯಲ್ಲಿ ನನ್ನ ಹಾಗೆಯೇ ಅಟೆಂಡರ್. ಇಬ್ಬರ ಮನೆಯಲ್ಲೂ ಕನ್ನಡ, ಬಾಗಿಲು ದಾಟಿದರೆ ತೆಲುಗು. ಇಬ್ಬರೂ ಇರುವುದು ಲಿಂಗಂಪಲ್ಲಿಯಲ್ಲಿ. ಹೋಗುವಾಗ ಬರುವಾಗ ಒಂದೇ ಲೋಕಲ್ ಟ್ರೇನು. ಇಷ್ಟು ಸಾಕಾಯಿತು ಗೆಳೆತನಕ್ಕೆ.

ಕೊನೆಯ ವರ್ಷ ಭೂಗೋಳದಲ್ಲಿ ಒಂದು ಪ್ರಾಜೆಕ್ಟ್ ಬರೆಯಬೇಕಿತ್ತು. ನಮಗೆ ಕಲಿಸುತ್ತಿದ್ದ ದೇಶಪಾಂಡೆ ಸರ್ ಬೆಂಚಿಗೊಂದು ಪ್ರಾಂತ್ಯ ಕೊಟ್ಟರು — ಎಲ್ಲವೂ ಯಾವುದಾದರೂ ದೇಶದ ಗಡಿಯಲ್ಲಿರುವಂಥವು, ಜನ ಬಿಟ್ಟು ಹೋಗುತ್ತಿರುವಂಥವು. ಕೂಡಿ ಓದಬಹುದು, ಬರೆಯುವುದು ಮಾತ್ರ ಅವರವರೇ. ನಮ್ಮ ಬೆಂಚಿಗೆ ಬಂದದ್ದು ಸ್ಪೇನಿನ ಝಮೋರಾ. ಅಲ್ಲಿಯವರು ಅದನ್ನು ಹೇಗೆ ಉಚ್ಚರಿಸುತ್ತಾರೋ, ನಾವು ಝಮೋರಾ ಎಂದೇ ಕರೆದೆವು. ಪಶ್ಚಿಮಕ್ಕೆ ಪೋರ್ಚುಗಲ್. ನಡುವೆ ದ್ವೇರೋ ಎನ್ನುವ ಹೊಳೆ ಆಳವಾದ ಕಮರಿಯಲ್ಲಿ ಹರಿಯುತ್ತದೆ, ಬಹಳ ದೂರ ಅದೇ ಗಡಿ. ಉತ್ತರಕ್ಕೆ ಬೆಟ್ಟ, ಬೆಟ್ಟದಲ್ಲಿ ತೋಳ, ಹಿಮ ಕೊರೆದು ಮಾಡಿದ ಒಂದು ದೊಡ್ಡ ಕೆರೆ. ಉಳಿದದ್ದು ಗೋಧಿ ಹೊಲ, ಕುರಿ, ಕಲ್ಲಿನ ಸಣ್ಣ ಊರುಗಳು. ಹರೆಯದವರು ದೊಡ್ಡ ಪಟ್ಟಣಗಳಿಗೆ ಹೋಗಿಬಿಟ್ಟಿದ್ದಾರೆ. ಎಷ್ಟೋ ಊರಿನಲ್ಲಿ ಶಾಲೆ ಮುಚ್ಚಿದೆ.

ನಾನು ಇದನ್ನೆಲ್ಲ ಇಂಟರ್ನೆಟ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ನೋಡಿ ನೋಡಿ ಬರೆದುಕೊಂಡೆ. ಹದಿನಾರು ಪುಟ. ಒಂದು ಸಾಲೂ ನನಗೆ ಅರ್ಥವಾಗಿರಲಿಲ್ಲ ಅಂತಲ್ಲ — ಅರ್ಥವಾಗಿತ್ತು, ಆದರೆ ತಾಗಿರಲಿಲ್ಲ.

ವೀರೇಶನಿಗೆ ತಾಗಿತ್ತು. ಒಂದು ಮಧ್ಯಾಹ್ನ ನಾನು ಅವನ ಮನೆಗೆ ಹೋದಾಗ, ನೆಲದ ಮೇಲೆ ಕೂತು ಕತ್ತರಿಯಿಂದ ರಟ್ಟು ಕತ್ತರಿಸುತ್ತಿದ್ದ. ಅಟ್ಲಾಸಿನಿಂದ ಒಂದೇ ಅಳತೆಗೆ ಎರಡು ನಕ್ಷೆ ಇಳಿಸಿಕೊಂಡಿದ್ದ. ಒಂದು ಝಮೋರಾ, ಇನ್ನೊಂದು ನಮ್ಮ ಮೆದಕ್ ಜಿಲ್ಲೆ. ಆಗಿನ್ನೂ ಜಿಲ್ಲೆಗಳನ್ನು ಒಡೆದಿರಲಿಲ್ಲ, ನಮ್ಮಿಬ್ಬರ ಊರೂ ಮೆದಕ್‌ನಲ್ಲೇ ಇದ್ದವು. ಪಕ್ಕದಲ್ಲಿ ಒಂದು ಮರದ ಪೆಟ್ಟಿಗೆ. ಅದರೊಳಗೆ ಅಂಗೈಯಷ್ಟೇ ಹಿತ್ತಾಳೆ ತಟ್ಟೆಗಳ ತಕ್ಕಡಿ, ಒಂದು ಡಬ್ಬಿಯ ತುಂಬ ಗುಲಗಂಜಿ. ಅವನ ತಂದೆ ಪತ್ತಾರರು, ಚಿನ್ನದ ಕೆಲಸದವರು. ತೀರಿಕೊಂಡು ನಾಲ್ಕು ವರ್ಷ ಆಗಿತ್ತು. ಹಳೆಯ ಪತ್ತಾರರು ಚಿನ್ನವನ್ನು ಗುಲಗಂಜಿ ಬೀಜದಿಂದಲೇ ತೂಗುತ್ತಿದ್ದರು. ಒಂದು ಬೀಜ ಒಂದು ಗುಂಜಿ.

"ಏನಲೇ ಇದು, ಜಿಲ್ಲಾ ಮಾರಾಕ ಕುಂತೀಯೇನು?" ಎಂದೆ.

"ಸುಮ್ನ ಕುಂಡ್ರಲೇ ಚನ್ಯಾ. ಅಂಕಿ ಕಣ್ಣಿಗಷ್ಟ ಗೊತ್ತಾಕ್ಕೈತಿ. ತೂಕ ಕೈಗೆ ಗೊತ್ತಾಕ್ಕೈತಿ."

ಮೊದಲು ಝಮೋರಾದ ರಟ್ಟು ತಟ್ಟೆಯಲ್ಲಿಟ್ಟು ಆ ಕಡೆ ಗುಲಗಂಜಿ ಹಾಕುತ್ತ ಬಂದ. ಐವತ್ತಕ್ಕೆ ನಿಂತಿತು. ಮೆದಕ್ ನಲವತ್ತಾರಕ್ಕೆ ನಿಂತಿತು. ಅಂದರೆ ಎರಡೂ ಹೆಚ್ಚುಕಡಿಮೆ ಒಂದೇ ಅಗಲ, ಝಮೋರಾನೇ ಒಂಚೂರು ದೊಡ್ಡದು. ಆಮೇಲೆ ಜನ. ನೂರು ಮಂದಿಗೆ ಒಂದು ಜೋಳದ ಕಾಳು ಎಂದು ಲೆಕ್ಕ ಹಿಡಿದ. ಜೋಳ ನನ್ನದೇ, ಜಹೀರಾಬಾದಿನಿಂದ ಅವ್ವ ಕಳಿಸಿದ್ದು. ನೂರು ಕಾಳು ಎಣಿಸಿ ಅದರ ತೂಕ ಹಿಡಿದುಕೊಂಡರೆ ಮುಂದೆ ಎಣಿಸುವ ಕಷ್ಟವಿಲ್ಲ, ತೂಗುವುದಷ್ಟೇ. ಝಮೋರಾದಲ್ಲಿ ಎರಡು ಲಕ್ಷವೂ ತುಂಬದಷ್ಟು ಜನ — ಒಂದು ಮುಷ್ಟಿ ಜೋಳ. ರಟ್ಟಿನ ಮೇಲೆ ಹರವಿದರೆ ಅಲ್ಲೊಂದು ಇಲ್ಲೊಂದು ಕಾಳು, ಗಡಿಯ ಕಡೆಗೆ ಬರೀ ರಟ್ಟು. ಮೆದಕ್‌ಗೆ ಮೂವತ್ತು ಲಕ್ಷ. ಅದನ್ನು ಅವನ ತಕ್ಕಡಿಯಲ್ಲಿ ತೂಗಲಾಗದೆ ಕೆಳಗಿನ ಕಿರಾಣಿ ಅಂಗಡಿಯಲ್ಲಿ ತೂಗಿಸಿದೆವು. ಒಂದು ಕಿಲೋ ಆಯಿತು. ರಟ್ಟಿನ ಮೇಲೆ ಗುಡ್ಡದ ಹಾಗೆ ನಿಂತು, ಜಾರಿ, ಮಂಚದ ಕೆಳಗೆಲ್ಲ ಹೋಯಿತು.

ವೀರೇಶ ನಕ್ಕ. "ಆ ಇಡೀ ಸೀಮಿಗೆ ಇಷ್ಟ ಮಂದಿ ಅಂದ್ರ! ನಮ್ಮ ಲಿಂಗಂಪಲ್ಲಿ ಲೋಕಲ್‌ನ್ಯಾಗ ನನ್ನ ಕಾಲ ಮ್ಯಾಲ ನಿಂದ್ರವ್ರು ಇದಕ್ಕಿಂತ ಜಾಸ್ತಿ ಅದಾರ."

ಆಮೇಲೆ ಝಮೋರಾದ ಅಂಚಿನ ಮೇಲೆ ಬೆರಳು ಆಡಿಸಿದ. "ಅವ್ರ ಗಡಿಗೆ ಎಂಥಾ ಹೊಳಿ ಐತಿ ನೋಡು. ನಮ್ಮ ಗಡಿಗೆ ಒಂದು ಚಾದಂಗಡಿ ಐತಿ. ಬೆಂಚಿನ ಈ ತುದಿ ನಮ್ದು, ಆ ತುದಿ ಬೀದರದ್ದು. ಆದ್ರ ಕುಂಡ್ರಾಕ ಮಂದಿ ಅದಾರಲ್ಲೋ. ಅಲ್ಲಿ ಬೆಂಚಷ್ಟ ಉಳದಾವ."

ಇದು ಯಾವ ಪ್ರಿಂಟಿನಲ್ಲೂ ಇರಲಿಲ್ಲ.

ವೈವಾ ದಿನ ಹೊರಗಿನಿಂದ ಒಬ್ಬ ಮೇಡಂ ಬಂದಿದ್ದರು. ವೀರೇಶನ ಫೈಲಿನಲ್ಲಿ ಒಂದು ಪುಟದ ಜೆರಾಕ್ಸ್ ಕಡಿಮೆ ಬಿದ್ದಿತ್ತು. ರಟ್ಟು, ತಕ್ಕಡಿ, ಜೋಳ ಇದ್ದ ಚೀಲವನ್ನು ನನ್ನ ಕೈಗೆ ಕೊಟ್ಟು ಅಂಗಡಿಗೆ ಓಡಿದ. ಓಡುತ್ತಲೇ ತಿರುಗಿ ಕೂಗಿದ: "ಜ್ವಾಳಾ ಸಂಭಾಳಿಸಲೇ! ಒಂದು ಕಾಳು ಚೆಲ್ಲಿದ್ರ ನೂರು ಮಂದಿ ಹೋದಂಗ!"

ಅವನ ಹೆಸರು ನನಗಿಂತ ಮುಂದಿತ್ತು. ಅವನಿಲ್ಲದ್ದರಿಂದ ನನ್ನನ್ನು ಕರೆದರು. ಚೀಲದ ಸಮೇತ ಒಳಗೆ ಹೋದೆ. ಮೇಡಂ ನನ್ನ ಹದಿನಾರು ಪುಟ ತಿರುವಿ, ಮುಚ್ಚಿ, ತೆಲುಗಿನಲ್ಲಿ ಕೇಳಿದರು — ಪುಸ್ತಕ ಬಿಡಿ, ನಿಮ್ಮ ಮಾತಿನಲ್ಲಿ ಹೇಳಿ, ಈ ಪ್ರಾಂತ್ಯ ಹೇಗಿದೆ? ನನ್ನ ಮಾತು ಎನ್ನುವುದೇ ಇರಲಿಲ್ಲ. ದೇಶಪಾಂಡೆ ಸರ್ ಪಕ್ಕದಲ್ಲೇ ಕೂತು, ಹೇಳು ಹೇಳು ಎನ್ನುವ ಹಾಗೆ ನೋಡುತ್ತಿದ್ದರು. ಮೇಡಂ ಕಣ್ಣು ಚೀಲದಿಂದ ಹೊರಗೆ ಇಣುಕುತ್ತಿದ್ದ ರಟ್ಟಿನ ಮೇಲೆ ಬಿತ್ತು. ಇದೇನು ಎಂದರು. ಯಾರದು ಎಂದರು.

"ನಾದೇ, ಮೇಡಂ."

ನನ್ನದೇ ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು — ಇಲ್ಲ. ತಕ್ಕಡಿ ತೆಗೆದೆ, ರಟ್ಟು ತೂಗಿದೆ, ಜೋಳ ಹರವಿದೆ. ಒಂದಿಷ್ಟು ಕಾಳು ಚೆಲ್ಲಿತು, ಮೇಡಂ ತಾವೇ ಬಗ್ಗಿ ಆರಿಸಿಕೊಟ್ಟರು, ಅವನ್ನು ಜೇಬಿಗೆ ಹಾಕಿಕೊಂಡೆ. ಗಡಿ, ಬೆಂಚು, ಚಾದಂಗಡಿ — ವೀರೇಶನ ಮಾತುಗಳನ್ನೆಲ್ಲ ಒಂದೊಂದಾಗಿ ಹೇಳಿದೆ. ಅವರ ಮುಖ ಅರಳಿತು. ಈ ಕೆಂಪು ಬೀಜ, ಈ ತಕ್ಕಡಿ, ಇದೆಲ್ಲ ಎಲ್ಲಿಂದ ಬಂತು ಎಂದು ಕೇಳಿದರು.

"ಮಾ ನಾನ್ನದಿ, ಮೇಡಂ."

ನಮ್ಮಪ್ಪನದು ಎಂದೆ. ನಮ್ಮಪ್ಪ ಪತ್ತಾರ, ಗುಂಜಿ ತೂಗುವುದನ್ನು ಅವರೇ ಕೈ ಹಿಡಿದು ಕಲಿಸಿದರು ಎಂದೂ ಸೇರಿಸಿದೆ.

ನಮ್ಮಪ್ಪ ಪತ್ತಾರನಾಗಿರಲಿಲ್ಲ. ಜಹೀರಾಬಾದಿನ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದ. ಮೂಟೆ ಹೊತ್ತು ಹೊತ್ತು ಅವನ ಕುತ್ತಿಗೆಯ ಹಿಂದೆ ಚರ್ಮ ದಪ್ಪಗಾಗಿತ್ತು. ಕಚೇರಿಯಲ್ಲಿ ಯಾರಾದರೂ ಕೇಳಿದರೆ 'ಮಾರ್ಕೆಟ್‌ನಲ್ಲಿ ಇದ್ದರು' ಎಂದಷ್ಟೇ ಹೇಳಿ, ವ್ಯಾಪಾರಿ ಎಂದು ಅವರು ತಿಳಿದುಕೊಳ್ಳಲಿ ಎಂದು ಬಿಡುತ್ತಿದ್ದೆ. ಆ ದಿನ ಅದನ್ನೂ ದಾಟಿದೆ. ಗೆಳೆಯನ ತೀರಿಹೋದ ಅಪ್ಪನನ್ನು ಎತ್ತಿಕೊಂಡು ನನ್ನ ಅಪ್ಪನ ಜಾಗದಲ್ಲಿ ಕೂರಿಸಿದೆ.

ಹೊರಗೆ ಬಂದಾಗ ವೀರೇಶ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದ. ಚೀಲ ಅವನ ಕೈಗೆ ಕೊಟ್ಟೆ. ಏನೂ ಹೇಳಲಿಲ್ಲ. ಹೇಳಲು ಎರಡು ಕ್ಷಣವಿತ್ತು. ಅವನು ಒಳಗೆ ಹೋಗಿ ರಟ್ಟು ತೆಗೆಯುತ್ತಿದ್ದಂತೆಯೇ ಮೇಡಂ ಕೈ ಎತ್ತಿ ತಡೆದರು. ಇದನ್ನು ಈಗಷ್ಟೇ ನೋಡಿದೆ, ಗೆಳೆಯ ಮಾಡಿದ್ದನ್ನು ನೀವು ಯಾಕೆ ಎತ್ತಿಕೊಂಡು ಬಂದಿರಿ ಎಂದರು. ದೇಶಪಾಂಡೆ ಸರ್‌ಗೆ ಏನೋ ಅನುಮಾನ ಬಂದಿರಬೇಕು. ಕನ್ನಡದಲ್ಲಿ ಕೇಳಿದರು: "ವೀರೇಶ, ಖರೇ ಹೇಳ್ರಿ. ಇದು ಯಾರ ಕೆಲಸ?"

ನಾನು ಬಾಗಿಲ ಹೊರಗೇ ನಿಂತಿದ್ದೆ. ವೀರೇಶ ತಿರುಗಿ ನನ್ನನ್ನು ನೋಡಿದ. ನಾನು ಗೋಡೆಯ ಮೇಲಿನ ನೋಟೀಸು ನೋಡಿದೆ.

"ಅವರ್ದ ಸರ್. ನಾನು ಅವರನ್ನ ನೋಡಿ ಕಲತೆ."

ಅವನ ಪ್ರಾಜೆಕ್ಟ್ ಒಪ್ಪಲಿಲ್ಲ. ಮುಂದಿನ ವರ್ಷ ಬೇರೆ ಬರೆಯಿರಿ ಎಂದರು. ನನಗೆ ಆ ಕೇಂದ್ರದಲ್ಲೇ ಹೆಚ್ಚಿನ ಅಂಕ.

ವಾಪಸ್ ಟ್ರೇನಿನಲ್ಲಿ ಚೀಲ ಅವನ ತೊಡೆಯ ಮೇಲಿತ್ತು. ಬೇಗಂಪೇಟೆ ದಾಟಿತು. ಆಮೇಲೆ ಅವನೇ ಕೇಳಿದ: "ಗುಂಜಿ ಅಂದ್ರ ಏನಂತ ಕೇಳಿದ್ರೇನು?"

"ಹೂಂ."

"ಏನ್ ಹೇಳ್ದಿ?"

"ನಮ್ಮಪ್ಪ ಕಲಿಸ್ಯಾನ ಅಂತ..."

ಅವನು ಕಿಟಕಿಯ ಕಡೆ ಮುಖ ಮಾಡಿದ. "ನಮ್ಮಪ್ಪ ಇದ್ದಿದ್ರ ಭಾಳ ನಗ್ತಿದ್ದ" ಎಂದ. ಇಳಿಯುವಾಗ, "ನಡಿ, ಚಾ ಕುಡಿಯೂಣು, ಹೊಟ್ಟಿ ಹಸದೈತಿ" ಎಂದ. ಅಷ್ಟೇ. ಆ ದಿನದ ಬಗ್ಗೆ ಅವನು ಮತ್ತೆ ಒಂದು ಮಾತೂ ಎತ್ತಲಿಲ್ಲ.

ಆ ಸಂಜೆ ಅಂಗಿ ಬಿಚ್ಚುವಾಗ ಜೇಬಿನಲ್ಲಿ ಏಳು ಕಾಳು ಸಿಕ್ಕವು. ಏಳುನೂರು ಮಂದಿ. ಅವನಿಗೆ ಹಿಂತಿರುಗಿಸಲಿಲ್ಲ. ಬಿಸಾಕಲೂ ಇಲ್ಲ.

ಪದವಿಯ ಮೇಲೆ ನನಗೆ ಆ ವರ್ಷವೇ ಪ್ರಮೋಷನ್ ಬಂತು. ಅವನ ಕಚೇರಿಯ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ, ಅವನಿಗಿಂತ ಚಿಕ್ಕವನೊಬ್ಬ ಮೇಲೆ ಹೋದ. ವೀರೇಶ ಜೂನಿಯರ್ ಅಸಿಸ್ಟೆಂಟ್ ಆಗಲು ಇನ್ನೂ ಮೂರು ವರ್ಷ ಹಿಡಿಯಿತು. ಆ ಮೂರು ವರ್ಷ ಅವನು ತನಗಿಂತ ಚಿಕ್ಕವನ ಮೇಜಿಗೆ ನೀರಿನ ಲೋಟ ಇಟ್ಟ.

ಇದನ್ನು ಓದಿ, ಇವನು ಹತ್ತು ವರ್ಷ ನಿದ್ದೆಯಿಲ್ಲದೆ ಹೊರಳಾಡಿದ ಎಂದು ತಿಳಿಯಬೇಡಿ. ಚೆನ್ನಾಗಿ ನಿದ್ದೆ ಮಾಡಿದ್ದೇನೆ. ನನ್ನ ಬದುಕು ಒಳ್ಳೆಯದೇ ಆಯಿತು. ಈಗ ಸೀನಿಯರ್ ಅಸಿಸ್ಟೆಂಟ್. ಎರಡು ಕೋಣೆಯ ಮನೆ, ಬಾಲ್ಕನಿಯಲ್ಲಿ ಕರಿಬೇವಿನ ಕುಂಡ. ಸಂಜೆ ಹೆಂಡತಿ ರೊಟ್ಟಿ ಬಡಿಯುವ ಸದ್ದು ಕೇಳುತ್ತ ಪೇಪರ್ ಓದುತ್ತೇನೆ. ವೀರೇಶನ ಮನೆ ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ, ಹಬ್ಬಕ್ಕೆ ಅವರು ಇಲ್ಲಿ, ನಾವು ಅಲ್ಲಿ. ಅವನು ಕ್ಷಮಿಸಿದ್ದಾನೋ ಮರೆತಿದ್ದಾನೋ ಎಂದು ನಾನು ಯಾವತ್ತೂ ಕೇಳಲಿಲ್ಲ — ಕೇಳದೆ ಇರುವುದು ಅಷ್ಟು ಸುಲಭವಾಗಿತ್ತು.

ಆಮೇಲೆ ಈ ಭಾನುವಾರದ ಶಾಲೆ. ನನ್ನ ಹಾಗೆ ತಡವಾಗಿ ಪುಸ್ತಕ ಹಿಡಿದವರಿಗೆ ಭೂಗೋಳ ಹೇಳುತ್ತೀರಾ ಎಂದು ಕೇಳಿದಾಗ ಖುಷಿಯಿಂದ ಒಪ್ಪಿದೆ. ನನಗೆ ಚೆನ್ನಾಗಿ ಗೊತ್ತಿದ್ದ ಪರದೇಶ ಒಂದೇ. ಪ್ರತಿವರ್ಷ ಅದೇ ಝಮೋರಾ, ಅದೇ ಒಂದು ಮುಷ್ಟಿ, ಅದೇ ಒಂದು ಕಿಲೋ. 'ಚನ್ನಣ್ಣನ ಜೋಳದ ನಕ್ಷೆ' ಎಂದು ಹೆಸರೂ ಬಿತ್ತು. ತೂಗಿ ತೋರಿಸುವುದನ್ನು ಮಾತ್ರ ಬಿಟ್ಟೆ, ನನ್ನ ಹತ್ತಿರ ತಕ್ಕಡಿ ಎಲ್ಲಿತ್ತು? ಅಪ್ಪನ ತಕ್ಕಡಿ ಮನೆ ಬದಲಿಸುವಾಗ ಕಳೆದುಹೋಯಿತು ಎಂದು ಹೇಳುತ್ತಿದ್ದೆ. ನೀವೆಲ್ಲ ಅಯ್ಯೋ ಎನ್ನುತ್ತಿದ್ದಿರಿ.

ಈ ವರ್ಷ ಹತ್ತನೆಯ ತರಗತಿಗೆ ಓದಲು ಗಿರಿಜಾ ಬಂದಿದ್ದಾರೆ. ವೀರೇಶನ ಹೆಂಡತಿ. ನಲವತ್ತೆರಡರ ವಯಸ್ಸಿನಲ್ಲಿ ಮೊದಲ ಬೆಂಚಿನಲ್ಲಿ ಕೂರುತ್ತಾರೆ. ಹೋದ ಭಾನುವಾರ ಝಮೋರಾ ಪಾಠ. ಜೋಳ ಹರವಿದೆ. ಆಟೋ ಓಡಿಸುವ ನಮ್ಮ ಶಂಕ್ರಪ್ಪ ಹಿಂದಿನಿಂದ, "ಅಣ್ಣಾರ, ಅಲ್ಲಿ ಪ್ಲಾಟ್ ಸಸ್ತಾ ಸಿಗ್ತಾವೇನ್ರಿ?" ಎಂದು ಕೂಗಿದ. ಎಲ್ಲರೂ ನಕ್ಕರು. ನಗುತ್ತಲೇ ಗಿರಿಜಾ ಎಂದರು:

"ನಮ್ಮನ್ಯಾವ್ರು ಇದ ಊರಾಗ ಡುಮ್ಕಿ ಹೊಡದಾರ್ರಿ! ಆದ್ರ ಈಗೂ ಮನ್ಯಾಗ ಹಿಂಗ ಜ್ವಾಳಾ ಹಾಕಿ ತೋರಸ್ತಾರ. ಚನ್ನಣ್ಣಾರಿಂದ ಕಲತೀನಿ ಅಂತಾರ." ಆಮೇಲೆ ನೆನಪಾದವರಂತೆ, "ಅಣ್ಣಾರ, ನಿಮ್ಮ ತಕ್ಕಡಿ ಕಳದೈತಿ ಅಂದ್ರಲ್ಲಾ, ನಮ್ಮ ಮಾವ್ನಾರ್ದು ಒಂದು ಐತ್ರಿ. ಗುಲಗಂಜಿ ಸುದ್ದಾ ಅದಾವ. ಬರೂ ವಾರ ತರ್ಲೇನ್ರಿ?"

ಹತ್ತು ವರ್ಷವಾದರೂ — 'ಚನ್ನಣ್ಣಾರಿಂದ ಕಲತೀನಿ'. ತನ್ನ ಮನೆಯೊಳಗೆ, ತನ್ನ ಹೆಂಡತಿಗೂ.

ತಕ್ಕಡಿ ಬಂದರೆ ನನ್ನ ಕಳ್ಳತನ ಹೊರಬೀಳುತ್ತದೆ ಎಂಬ ಹೆದರಿಕೆ ನನಗಾಗಲಿಲ್ಲ. ಹೊರಬೀಳುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೇ ಹೆದರಿಕೆಯಾಯಿತು. ಯಾರಾದರೂ ಕೇಳಿದರೆ ವೀರೇಶ ಮತ್ತೆ ಅದನ್ನೇ ಹೇಳುತ್ತಾನೆ. ನಾನು ಮತ್ತೆ ಗೋಡೆ ನೋಡುತ್ತೇನೆ.

ಗುರುವಾರ ಸಂಜೆ ಅವರ ಮನೆಗೆ ಹೋದೆ. ಗಿರಿಜಾ ಚಾ ತಂದಿಟ್ಟರು. ಅವರು ಒಳಗೆ ಹೋಗುವ ಮುಂಚೆ, ನೀವೂ ಕೂಡ್ರಿ ಎಂದೆ. ವೀರೇಶನಿಗೆ ಗೊತ್ತಾಯಿತು. "ಈಗ್ಯಾಕಲೇ ಚನ್ಯಾ, ಬಿಡು" ಎಂದ. ನಾನು ಬಿಡಲಿಲ್ಲ. ನಾದೇ ಎಂದದ್ದು, ಮಾ ನಾನ್ನದಿ ಎಂದದ್ದು, ನೋಟೀಸು ನೋಡುತ್ತ ನಿಂತದ್ದು — ಎಲ್ಲ ಹೇಳಿದೆ.

ಗಿರಿಜಾ ಬಹಳ ಹೊತ್ತು ನನ್ನನ್ನು ನೋಡಲಿಲ್ಲ. ಗಂಡನನ್ನು ನೋಡಿದರು. ಆಮೇಲೆ ನನಗೆ ಹೇಳಿದರು: "ಅವತ್ತು ಮನೀಗೆ ಬಂದು ಏನಂದ್ರು ಗೊತ್ತೇನ್ರಿ ಅಣ್ಣಾರ? ನಾ ಸರಿಯಾಗಿ ಓದಿದ್ದಿಲ್ಲ, ಅದಕ್ಕ ಹೋತು ಅಂದ್ರು. ನಾ ಅದನ್ನ ಹಿಡಕೊಂಡು ಇಷ್ಟು ವರ್ಷ ಆಡ್ಕೊಂಡೀನ್ರಿ. ತವರುಮನ್ಯಾಗ ಆಡ್ಕೊಂಡೀನಿ. ಮೊನ್ನಿ ನಿಮ್ಮ ಕ್ಲಾಸಿನ್ಯಾಗೂ..."

ಅವನು ಮನೆಯಲ್ಲಿ ಹಾಗೆ ಹೇಳಿದ್ದು ನನಗೆ ಗೊತ್ತಿರಲಿಲ್ಲ. ಅವನಿಗೆ ತಪ್ಪಿದ್ದು ಮೂರು ವರ್ಷದ ಪ್ರಮೋಷನ್ ಎಂದು ನಾನು ತಿಳಿದುಕೊಂಡಿದ್ದೆ. ಅಷ್ಟೇ ಅಲ್ಲ. ಪ್ರತಿ ಹಬ್ಬದಲ್ಲಿ, ಒಂದೇ ಸಾಲಿನಲ್ಲಿ ಊಟಕ್ಕೆ ಕೂತಾಗ, ಡುಮ್ಕಿ ಡುಮ್ಕಿ ಎಂದು ಅವರು ಚೇಷ್ಟೆ ಮಾಡುತ್ತಿದ್ದರು, ಅವನು ನಗುತ್ತಿದ್ದ, ಪಕ್ಕದಲ್ಲಿ ಕೂತು ನಾನೂ ನಗುತ್ತಿದ್ದೆ. ಹೋಳಿಗೆ ತಿನ್ನುತ್ತ ನಗುತ್ತಿದ್ದೆ.

"ಚಾ ಆರತೈತಿ, ಕುಡೀಲೇ" ಎಂದ ವೀರೇಶ.

ಹೊರಡುವಾಗ ಗಿರಿಜಾ ಬಾಗಿಲ ತನಕ ಬಂದರು. "ತಕ್ಕಡಿ ನಾ ತರ್ತೀನ್ರಿ. ಇವರನ್ನೂ ಕರ್ಕೊಂಡು ಬರ್ತೀನಿ. ಯಾರದಂತ ನೀವ ಹೇಳ್ರಿ." ಮುಂಚಿನ ಹಾಗೆ ಅಣ್ಣಾರ ಎನ್ನಲಿಲ್ಲ. ಮುಂದೆ ಎಂದಾದರೂ ಅನ್ನುತ್ತಾರೋ ಇಲ್ಲವೋ. ಅದನ್ನು ಕೇಳುವ ಹಕ್ಕು ನನಗಿಲ್ಲ.

ಮನೆಗೆ ಬಂದು ನೂರು ಕಾಳು, ಒಂದು ಕಿಲೋ ಎಂದು ಸುಮ್ಮನೆ ಕಾಗದದ ಮೇಲೆ ಗುಣಿಸುತ್ತ ಕೂತೆ. ಒಂದು ಕಿಲೋ ಜೋಳದಲ್ಲಿ ಸುಮಾರು ಮೂವತ್ತು ಸಾವಿರ ಕಾಳು. ನಮ್ಮಪ್ಪ ಹೊರುತ್ತಿದ್ದದ್ದು ನೂರು ಕಿಲೋ ಚೀಲ. ಅಂದರೆ ಮೂವತ್ತು ಲಕ್ಷ. ನೂರು ಮಂದಿಗೆ ಒಂದಲ್ಲ, ಮಂದಿಗೊಂದು ಕಾಳು ಇಟ್ಟರೂ ಇಡೀ ಮೆದಕ್ ಜಿಲ್ಲೆ ಒಂದು ಚೀಲದಲ್ಲಿ ಹಿಡಿಯುತ್ತಿತ್ತು. ಅದನ್ನು ಬೆನ್ನ ಮೇಲೆ ಹಾಕಿಕೊಂಡು ಅವನು ಲಾರಿಗೆ ಹಾಕಿದ ಹಲಗೆ ಹತ್ತುತ್ತಿದ್ದ, ದಿನಕ್ಕೆ ಎಷ್ಟೋ ಸಲ. ಆ ಮೇಡಂ ನಿಮ್ಮ ಮಾತಿನಲ್ಲಿ ಹೇಳಿ ಎಂದಾಗ ನನ್ನ ಹತ್ತಿರ ಇದು ಇತ್ತು. ನೋಡಲೇ ಇಲ್ಲ.

ಚೀಲ ಎಳೆಯುವ ಅಪ್ಪನ ಕಬ್ಬಿಣದ ಕೊಕ್ಕೆ ಟ್ರಂಕಿನ ಹಿಂದಿತ್ತು. ತುಕ್ಕು ಒರೆಸಿ, ಎಣ್ಣೆ ಸವರಿ, ಭಾನುವಾರದ ಚೀಲದಲ್ಲಿ ಇಟ್ಟಿದ್ದೇನೆ. ಆ ಏಳು ಕಾಳನ್ನೂ ಒಂದು ಪೊಟ್ಟಣ ಕಟ್ಟಿ ಇಟ್ಟಿದ್ದೇನೆ.

ಪುಸ್ತಿಕೆಯವರಲ್ಲಿ ಒಂದೇ ಮಾತು. ಅಚ್ಚಿಗೆ ಹೋಗುವ ಮುಂಚೆ ಇದನ್ನು ವೀರೇಶನಿಗೆ ತೋರಿಸಿ. ಅವನು ಓದಿ, ಇದನ್ನ ಹಾಕಬ್ಯಾಡ್ರಿ ಎನ್ನುತ್ತಾನೆ. ನನ್ನ ಸಲುವಾಗಿಯೇ ಹಾಗೆ ಅನ್ನುತ್ತಾನೆ. ದಯವಿಟ್ಟು ಈ ಸಲ ಅವನ ಮಾತು ನಂಬಬೇಡಿ.